ಗುಳಿಗೆಗೂ ಉಪವಾಸ

ಅವ್ವನ ಭಕ್ತಿ ಹೆಚ್ಚುತ್ತಿದೆ ಎಂದೇ ನಾನು ನಂಬಿದ್ದೆ. ಮೊದಲು ಸೋಮವಾರ ಮಾತ್ರ ಉಪವಾಸ ಇರುತ್ತಿದ್ದವಳು ಗುರುವಾರವನ್ನೂ ಹಿಡಿದಳು, ಆಮೇಲೆ ಶನಿವಾರ, ಜೊತೆಗೆ ಅಮಾವಾಸ್ಯೆ, ಏಕಾದಶಿ. ಸಿಂದಗಿಯ ನಮ್ಮ ಓಣಿಯ ಹೆಂಗಸರು ಅವಳ ಕಾಲಿಗೆ ಬೀಳುವುದೊಂದೇ ಬಾಕಿ ಇತ್ತು. ಗುಟ್ಟು ರಟ್ಟಾದದ್ದು ಇಂಡಿ ಊರಿನ ಡಾಕ್ಟರ ಮುಂದೆ. ಬಿ.ಪಿ. ನೋಡಿ ಅವರು ಗಾಬರಿಯಾದರು.

“ಆಯಿ, ಗುಳಿಗಿ ದಿನಾ ತಗೋತೀರೇನ್ರಿ?”

“ಉಪಾಸ ಇದ್ದ ದಿನ ಹ್ಯಾಂಗ ತಗೊಳ್ಳಿ ಸಾಹೇಬ್ರ?”

“ಹಿಂಗ ಬಿಟ್ಟ ಬಿಟ್ಟ ತಗೊಂಡ್ರ ಲಕ್ವಾ ಹೊಡೀತೈತಿ, ನೋಡ್ರಿ,” ಎಂದರು ಅವರು.

ಹೊರಗೆ ಬಂದದ್ದೇ ನನಗೆ ಪಿತ್ತ ನೆತ್ತಿಗೇರಿತು. ಬೈದೆ. ಅವಳು ತಣ್ಣಗೆ ಹೇಳಿದಳು: “ಒಂದ ತಿಂಗಳ ಗುಳಿಗಿ ಅಂದ್ರ ನೀ ಮೂರು ಜಂಪರ ಹೊಲೀಬೇಕು. ಹೊಲಿದು ಹೊಲಿದು ನಿನ್ನ ಬೆನ್ನ ಬಾಗಾಕತ್ತೈತಿ. ನನಗ ಕಣ್ಣಿಲ್ಲೇನು?”

ದೇವರ ಹೆಸರಿನಲ್ಲಿ ಗುಳಿಗೆ ಉಳಿಸುತ್ತಿದ್ದಳು ಮಹಾತಾಯಿ! ಅವಳನ್ನು ಬಸ್ ಸ್ಟ್ಯಾಂಡಿನ ನೆರಳಿಗೆ ಕೂರಿಸಿ ನಾನು ತಿರುಗಿ ಡಾಕ್ಟರ ಹತ್ತಿರ ಓಡಿದೆ. ನಾಚಿಕೆ ಬಿಟ್ಟು ಕೇಳಿದೆ: “ಇದರಾಗ ಅಗ್ಗದ್ದು ಇಲ್ಲೇನ್ರಿ?”

“ಐತ್ರಿ. ಕೇಳಬೇಕಲ್ಲ ನೀವು!” ಎಂದವರೇ ಚೀಟಿಯಲ್ಲಿ ಕಂಪನಿಯ ಹೆಸರು ಹೊಡೆದುಹಾಕಿ, ಔಷಧದ ಮೂಲ ಹೆಸರು ಬರೆದು, ಜನರಿಕ್ ಅಂಗಡಿಯ ದಾರಿ ತೋರಿಸಿದರು.

ಅಂಗಡಿಯಲ್ಲಿದ್ದ ಫಾರ್ಮಸಿಸ್ಟ್ ಹೆಣ್ಣುಮಗಳು ಡಬ್ಬಿ ಮುಂದಿಟ್ಟಳು. “ಔಷಧ ಒಂದೇ ಐತ್ರಿ, ಹೆಸರಷ್ಟ ಬ್ಯಾರೆ.” ಬೆಲೆ ಓದಿದೆ. ಅರವತ್ತು! ಮುನ್ನೂರು ಕೊಡುತ್ತಿದ್ದೆವಲ್ಲ! ಕುಣಿಯಬೇಕೆನಿಸಿತು. ಮರುಗಳಿಗೆಯೇ ಅವ್ವನ ನೆನಪಾಯಿತು. ಇಷ್ಟು ಅಗ್ಗ ಎಂದು ಕೇಳಿದರೆ ಅವ್ವ “ಒಳಗ ಸುಣ್ಣ ತುಂಬಿರ್ತಾರ” ಎಂದು ಅಲ್ಲೇ ಬಿಟ್ಟು ನಡೆದುಬಿಡುತ್ತಾಳೆ. ತಾನೇ ಚೌಕಾಸಿ ಮಾಡಿ ಇಳಿಸದ ಬೆಲೆಯನ್ನು ಅವಳು ಜನ್ಮದಲ್ಲಿ ನಂಬಿದವಳಲ್ಲ.

ಫಾರ್ಮಸಿಸ್ಟಿಗೆ ಇದನ್ನೆಲ್ಲ ಹೇಳಿದೆ. “ನಾ ಸುಳ್ಳ ಹೇಳೂದಿಲ್ರಿ ಅಕ್ಕಾರ,” ಎಂದಳು. ಆಮೇಲೆ ಕಣ್ಣು ಮಿನುಗಿಸಿ, “ತುಟ್ಟಿ ಕಂಪನೀ ಗುಳಿಗಿ ಬೆಲಿ ಮೊದಲ ಹೇಳ್ತೇನಿ. ಅದು ಖರೇನ ಐತಲ್ಲ?”

ಅವ್ವನನ್ನು ಕರೆತಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಾಗಲೇ ನನಗೆ ನಗು ತಡೆಯಲಾಗಲಿಲ್ಲ.

“ಕಂಪನೀದು ಮುನ್ನೂರು ಐತ್ರಿ ಆಯಿ.”

“ಐವತ್ತಕ್ಕ ಕೊಡು.”

“ಇದನ್ನ ಅರವತ್ತಕ್ಕ ಕೊಡ್ತೇನ್ರಿ. ಅದರ ಕೆಳಗ ಬಿಡಾಂಗಿಲ್ಲ!”

ಒಂದೇ ಉಸಿರಿನಲ್ಲಿ ಮುನ್ನೂರು ಅರವತ್ತಾಗಿತ್ತು. ಆದರೂ ಅವ್ವ ಸಂತೆಯ ಪದ್ಧತಿಯಂತೆ ಬೆನ್ನು ತಿರುಗಿಸಿ ನಡೆದಳು. ನಾಲ್ಕು ಹೆಜ್ಜೆಗೆ ಮಾರುವವರು ಕರೆಯಲೇಬೇಕು. ಅಷ್ಟರಲ್ಲಿ ಬೇರೊಬ್ಬ ಗಿರಾಕಿ ಬಂದು, ಫಾರ್ಮಸಿಸ್ಟ್ ಕರೆಯುವುದನ್ನೇ ಮರೆತಳು. ಐದನೇ ಹೆಜ್ಜೆಗೆ ಅವ್ವ ನಿಧಾನವಾದಳು. ಆರನೆಯದಕ್ಕೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡಳು. ಚಪ್ಪಲಿಗೆ ಏನೂ ಆಗಿರಲಿಲ್ಲ. ನಾನು ಕೆಮ್ಮಿದೆ, ಮತ್ತೆ ಕೆಮ್ಮಿದೆ, ಕೊನೆಗೆ ಫಾರ್ಮಸಿಸ್ಟಿಗೆ ಕಾಣುವಂತೆ ಎರಡೂ ಕೈ ಬೀಸಿದೆ.

“ಆಯೀ! ಹೊಳ್ಳಿ ಬರ್ರಿ! ಅರವತ್ತು, ಕಡೀ ಮಾತು!”

“ಹ್ಞಾಂ, ಹಂಗ ಬಾ ದಾರಿಗೆ,” ಎನ್ನುತ್ತ ಅವ್ವ ಮಹಾರಾಣಿಯಂತೆ ತಿರುಗಿ ಬಂದಳು. ಗಿರಾಕಿಯ ಕಡೆ ನೋಡಿ, “ನೀವೂ ಕೇಳಿ ತಗೋರಿ, ಇಳಸ್ತಾಳ,” ಎಂದು ಸಲಹೆಯನ್ನೂ ಕೊಟ್ಟಳು. ಫಾರ್ಮಸಿಸ್ಟ್ ನಗು ಮುಚ್ಚಿಕೊಳ್ಳಲು ಕೌಂಟರಿನ ಕೆಳಗೆ ಏನೋ ಹುಡುಕತೊಡಗಿದಳು.

ಸಿಂದಗಿ ಬಸ್ಸು ಹೊರಟಿತು. ಅವ್ವ ಪಕ್ಕದ ಹೆಂಗಸಿನ ನೀರಿನ ಬಾಟಲಿ ಇಸಿದುಕೊಂಡು ಅಂದಿನ ಗುಳಿಗೆ ನುಂಗಿದಳು.

“ದಿನಾ ತಗೊಂಡ್ರ ನಾ ಇನ್ನೂ ಭಾಳ ವರ್ಷ ಇರ್ತೇನಿ. ನಿನಗ ಬ್ಯಾಸರಾಗೂದಿದ್ರ ಈಗ ಹೇಳಿಬಿಡು.”

ಅಲ್ಲಿಯವರೆಗೆ ನಗುತ್ತಲೇ ಇದ್ದ ನಾನು ನಗು ಬಿಟ್ಟು ಅವಳತ್ತ ತಿರುಗಿದೆ. ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ.

“ಮಂದಿ ನೋಡಾಕತ್ತಾರ, ಬಿಡು,” ಎಂದಳು ಅವ್ವ. ಆದರೆ ತಾನು ಬಿಡಲಿಲ್ಲ.