ಶಿವದೇವಿ ಕಲಿಸಿದ ಕಂಪ್ಯೂಟರ್

ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳ ನಡುವೆ ಶಾಂತಪ್ಪನದೊಂದು ಗೂಡಿನಂಥ ಡಿಟಿಪಿ ಅಂಗಡಿ. ರಾಯಚೂರು, ಕೊಪ್ಪಳದ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆ ನಿಂತವರ ಲಗ್ನಪತ್ರಿಕೆಗಳೆಲ್ಲ ಅಲ್ಲೇ ಹುಟ್ಟುತ್ತಿದ್ದವು. ಗಿರಾಕಿಗಳ ಜೊತೆ ಹರಟುವುದು ಶಾಂತಪ್ಪನ ಘನಕಾರ್ಯ. ಟೈಪ್ ಮಾಡುವುದು ಹೆಂಡತಿ ಶಿವದೇವಿಯ ಪಾಲು. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡ ಮೇಲೆ ಅಂಗಡಿ ಬಹಳ ದಿನ ಮುಚ್ಚಿತ್ತು. ಈಗ ಅವನೇ ಕೀಲಿಮಣೆಯ ಮುಂದೆ ಕೂತ. ಕೂತದ್ದೇ ತಡ, ಕಂಪ್ಯೂಟರಿಗೆ ದೆವ್ವ ಹೊಕ್ಕಿತು. 'ಭೋಜನದ ವ್ಯವಸ್ಥೆ ಇದೆ' ಎಂದು ಹೊಡೆದರೆ 'ಭೋಜನದ ವ್ಯವಸ್ಥೆ ಐತಿ' ಎಂದು ಮೂಡುವುದು!

"ಇದೇನ್ರಿ, ಲಗ್ನಪತ್ರಿಕಿನೋ ಕಟ್ಟಿ ಮ್ಯಾಲಿನ ಹರಟಿನೋ?" ಎಂದು ಹೆಣ್ಣಿನ ಅಪ್ಪ ಹುಸೇನಪ್ಪ ರೇಗಿದ.

ಗಚ್ಚಿಬೌಲಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕನ ಮಗ ಗುರುಬಸವ ರವಿವಾರ ಮಧ್ಯಾಹ್ನ ಬಂದ.

"ವೈರಸ್ ಇರಬೇಕು ಮಾಮಾ. ಸಾಫ್ಟ್‌ವೇರ್ ಹಾಕಿದಾಗ ಒಂದೊಂದು ಫೈಲಿಗೂ ಒಂದು ಗುರುತು ಇಟ್ಟಿರತೈತಿ. ಅವತ್ತಿನ ಗುರುತಿಗೆ ಇವತ್ತಿಂದು ಹೋಲಿಸಿ ನೋಡಿದ್ರ, ಬದಲಾಗಿದ್ದು ಸಿಗತೈತಿ. ಅದನ್ನ ತೆಗೆದು ಮೊದಲಿಂದು ಹಾಕಿದ್ರ ಮುಗೀತು."

ಪರದೆಯ ಮೇಲೆ ಫೈಲುಗಳ ಹೆಸರುಗಳು ಸರಿಯತೊಡಗಿದವು. ಫ್ಯಾನು ಗೊಣಗುತ್ತಿತ್ತು. ಬಜಾರಿನ ಗದ್ದಲ ದೂರದ ಯಾವುದೋ ಊರಿನದೆಂಬಂತೆ ಕೇಳಿಸುತ್ತ, ಶಾಂತಪ್ಪನಿಗೆ ಜೊಂಪು ಹತ್ತಿತು. ಆ ಜೊಂಪಿನಲ್ಲಿ ಬಳೆಗಳು ಕೀಲಿಮಣೆಗೆ ತಾಗಿ ಕಿಣಿಕಿಣಿ ಅಂದವು. ಕುರ್ಚಿಯಲ್ಲಿ ಅವಳೇ ಕೂತಿದ್ದಳು. "ಬರೇ ಪುಸ್ತಕದ ಮಾತು ಕೇಳಿ ಇದಕ್ಕೂ ಬ್ಯಾಸರಾಗೈತ್ರಿ," ಎಂದು ನಗುತ್ತಿದ್ದಳು. ಅವನಿಗೆ ಎಚ್ಚರಾಗುವುದೇ ಬೇಡವಾಗಿತ್ತು.

"ಮಾಮಾ, ಸಿಕ್ತು! ಇಷ್ಟರಾಗ ಒಂದ ಫೈಲ್ ಬದಲಾಗೈತಿ. ಟೈಪ್ ಮಾಡಿದ ಪದದ ತಪ್ಪು ತಾನಾಗಿ ತಿದ್ದೋ ಫೈಲ್."

ತೆರೆದರೆ, 'ಇದೆ' ಎದುರಿಗೆ 'ಐತಿ', 'ಬಹಳ' ಎದುರಿಗೆ 'ಭಾಳ'. ಶಾಂತಪ್ಪನಿಗೆ ಆಗ ನೆನಪಾಯಿತು: ಲಿಂಗಸುಗೂರಿನ ತಂಗಿಗೆ ಪತ್ರ ಬರೆಯುವಾಗ ಶಿವದೇವಿ ತಾನೇ ಸೇರಿಸಿದ ಈ ಪಟ್ಟಿಯನ್ನು ಚಾಲೂ ಮಾಡಿಕೊಳ್ಳುತ್ತಿದ್ದಳು, ಗಿರಾಕಿ ಬಂದರೆ ಬಂದ್ ಮಾಡುತ್ತಿದ್ದಳು. ಕೊನೆಯ ಸಲ ಬಂದ್ ಮಾಡಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಶಾಂತಪ್ಪನ ಪಾಡು.

"ವೈರಸ್ ಅಲ್ಲ, ಅತ್ತಿ ಕೈಚಳಕ," ಗುರುಬಸವನ ದನಿ ಮೆತ್ತಗಾಯಿತು. "ಮೊದಲಿನ ಫೈಲ್ ಹಾಕಿಬಿಡ್ಲಿ? ಇದು ಅಳಿಸಿ ಹೋಗತೈತಿ."

ಶಾಂತಪ್ಪ ಅವನ ಕೈ ಹಿಡಿದ. ಕೀಲಿಮಣೆ ಎಳೆದುಕೊಂಡು ಒಂದೊಂದೇ ಅಕ್ಷರ ಹುಡುಕಿ ಹೊಡೆದ: 'ಶಿವದೇವಿ ಇದ್ದಾಳೆ.'

ಅಕ್ಷರಗಳು ಒಮ್ಮೆ ಅಲುಗಿ ತಾವಾಗಿ ತಿದ್ದಿಕೊಂಡವು: 'ಶಿವದೇವಿ ಅದಾಳ.'

"ಇದನ್ನ ಮುಟ್ಟಬ್ಯಾಡೋ, ಬಂದ್ ಸುದ್ದಾ ಮಾಡಬ್ಯಾಡ," ಎಂದ ಶಾಂತಪ್ಪ. "ಪತ್ರಿಕಿ ನಾನ ಕೈಲೆ ತಿದ್ದಕೋತೀನಿ."