ಪೀಕಿನ ಬಾಲ

ಸೋಮವಾರ, ಬೆಳಿಗ್ಗೆ ಎಂಟೂ ಮುಕ್ಕಾಲು. ಸತ್ಯಮಂಗಲದ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಮೂವರಿದ್ದೆವು: ನಾನು, ಗುಬ್ಬಿಯಿಂದ ದಿನಾ ಬಂದುಹೋಗುವ ಕೆಮಿಸ್ಟ್ ಹೆಣ್ಣುಮಗಳು, ಕುಣಿಗಲ್ ಕಡೆಯ ನಮ್ಮ ಮ್ಯಾನೇಜರ್. ಕಿಟಕಿಯಿಲ್ಲದ ಕೋಣೆ. ಹೊರಗಿನ ಬಾಗಿಲು ಮುಚ್ಚದೆ ಒಳಗಿನದು ತೆರೆಯುವುದಿಲ್ಲ.

ಮಾತ್ರೆಯ ದ್ರಾವಣವನ್ನು ಕಾಲಂ ಎಂಬ, ಪುಡಿ ತುಂಬಿದ ಸ್ಟೀಲ್ ಕೊಳವೆಯಲ್ಲಿ ಹಾಯಿಸಿದರೆ ಔಷಧವೂ ಕಲ್ಮಶವೂ ಬೇರೆ ಬೇರೆ ಹೊತ್ತಿಗೆ ಹೊರಬಂದು, ಪರದೆಯ ಮೇಲೆ ಒಂದೊಂದು ಪೀಕ್ ಆಗಿ ಏಳುತ್ತವೆ. ನಮ್ಮಲ್ಲಿ ಈ ವಿಧಾನ ಬರೆದವನು ನಾನೇ. ಸ್ಯಾಂಪಲ್ಲಿಗೆ ನಲವತ್ತು ನಿಮಿಷ. ಹನ್ನೊಂದು ವರ್ಷದಲ್ಲಿ ಅರ್ಧ ನಿಮಿಷವನ್ನೂ ಬದಲಿಸಿರಲಿಲ್ಲ.

ಆವತ್ತು ಮಾತ್ರೆಗಳ ಒಂದು ಬ್ಯಾಚ್ ಸಂಜೆಯೊಳಗೆ ಹೊರಡಬೇಕಿತ್ತು. ನನ್ನ ಸಹಿಯಿಲ್ಲದೆ ಹೊರಡುವಂತಿಲ್ಲ. ನಲವತ್ತನ್ನು ಹತ್ತಕ್ಕಿಳಿಸಿ, ಪಂಪಿನ ವೇಗ ಹೆಚ್ಚಿಸಿದರಾಯಿತು ಎಂದರು ಮ್ಯಾನೇಜರ್. ಹೆಚ್ಚಿಸಿ ತೋರಿಸಿದೆ. ಒತ್ತಡ ಏರಿ ಪಂಪ್ ತಾನಾಗಿ ನಿಂತಿತು. ನನಗೆ ಒಳಗೊಳಗೇ ಸಮಾಧಾನ.

ಆಕೆ ಬೇರೆ ದಾರಿ ಯೋಚಿಸಿದ್ದಳು. ಗಿಡ್ಡ ಕಾಲಂ, ಅದರೊಳಗೆ ಇನ್ನೂ ನುಣ್ಣನೆಯ ಪುಡಿ, ನಲವತ್ತು ಡಿಗ್ರಿ ಬಿಸಿ. ಬಿಸಿಗೆ ದ್ರವ ಸಲೀಸಾಗಿ ಹರಿದು ಒತ್ತಡ ಮಿತಿಯಲ್ಲೇ ಉಳಿಯಿತು. ಒಂಬತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಆದರೆ ಎರಡು ಪೀಕ್ ಇರಬೇಕಾದಲ್ಲಿ ಮೂರಿದ್ದವು. ಔಷಧದ ಬೆನ್ನಿಗೇ ಒಂದು ಚಿಕ್ಕದು, ಇನ್ನೊಂದು ಕಲ್ಮಶ.

"ಸಾರ್, ನೀವು ಬಾಲ ಅಂತಿದ್ರಲ್ಲ, ಅದು ಇದೇ ಕಣ್ರೀ," ಎಂದಳು.

ಹೌದು. ನನ್ನ ವಿಧಾನದಲ್ಲಿ ಔಷಧದ ಪೀಕ್ ಒಮ್ಮೊಮ್ಮೆ ನೇರ ಇಳಿಯದೆ ಬಾಲದಂತೆ ಎಳೆಯುತ್ತಿತ್ತು. ಕಾಲಂ ಹಳತಾಯಿತೆಂದು ಬರೆದು, ಹೊಸದು ಹಾಕಿಸಿ, ಸಹಿ ಮಾಡುತ್ತಿದ್ದೆ. ಹೊಸದರಲ್ಲೂ ಚೂರು ಉಳಿದರೆ, ಅದು ಇರುವುದೇ ಹಾಗೆ ಎಂದುಕೊಳ್ಳುತ್ತಿದ್ದೆ.

"ಹಳೇ ಮೆಥಡ್‌ನಲ್ಲೇ ಓಡ್ಸಿಬುಡಿ ಸಾರ್. ನಲವತ್ತು ನಿಮಿಷನೇ ಆಗ್ಲಿ," ಎಂದರು ಮ್ಯಾನೇಜರ್.

"ಬೆಳಗ್ಗೆಯಿಂದ ಹತ್ತು ಹತ್ತು ಅಂತಿದ್ದೋರು ನೀವೇ ಅಲ್ವಾ?" ಎಂದು ಆಕೆ ಚುಚ್ಚಿದಳು.

ಹಳೆಯದನ್ನು ಓಡಿಸಿದರೆ ಗೊತ್ತಿದ್ದೂ ಸಹಿ ಹಾಕಿದಂತೆ. ಹೊಸದನ್ನು ಒಪ್ಪಿದರೆ ಕಪಾಟಿನ ತುಂಬ ಇರುವ ನನ್ನ ವರದಿಗಳನ್ನೆಲ್ಲ ಮತ್ತೆ ತೆರೆಯಬೇಕು. ಗಾಳಿಗೆಂದು ಬಾಗಿಲಿಗೆ ಹೋದೆ. ಹೊರಬಾಗಿಲು ತೆರೆದೇ ಇತ್ತೇನೋ, ಒಳಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿತ್ತು. ಸ್ವಲ್ಪ ಹೊತ್ತು ಹಿಡಿಕೆ ಹಿಡಿದು ನಿಂತು, ವಾಪಸು ಬಂದೆ.

ಊಟದ ಗಂಟೆಗೆ ಏಳಲಿಲ್ಲ. ಬ್ಯಾಚ್ ತಡೆಹಿಡಿಯುವ ಫಾರಂ ತುಂಬಿದೆ. ಕಾರಣದ ಜಾಗದಲ್ಲಿ, ಬಾಲವನ್ನು ಕಾಲಂನ ದೋಷವೆಂದು ತಿಳಿದದ್ದು ನನ್ನ ತಪ್ಪು, ಹಿಂದಿನ ವರದಿಗಳನ್ನೂ ಪರಿಶೀಲಿಸಬೇಕು ಎಂದು ಬರೆದೆ. ಮ್ಯಾನೇಜರ್ ಎರಡು ಸಲ ಓದಿ, ತೆಗೆದುಕೊಂಡು ಹೋದರು.

ಐದೂವರೆಗೆ ಗಿಡ್ಡ ಕಾಲಂ ತೊಳೆದು, ಎರಡೂ ತುದಿಗೆ ಬಿರಡೆ ಹಾಕಿ, ಡಬ್ಬಿಯಲ್ಲಿಟ್ಟು, ರಿಜಿಸ್ಟರಿನಲ್ಲಿ ಅದು ಓಡಿದ ಹೊತ್ತು ಬರೆದೆ: ಒಂಬತ್ತು ನಿಮಿಷ.