ಸೀರೆ ಉಟ್ಟು ನಿಲ್ಲುವ ಕೆಲಸ

ಕೊಟ್ಟಿಗೆಯ ಸಗಣಿ ಬಾಚಬೇಕು. ಅಂಗಳ ಗುಡಿಸಿ ನೀರು ಹಾಕಬೇಕು. ಬಾವಿಯಿಂದ ಕೊಡ ಹೊತ್ತು ಹಂಡೆ ತುಂಬಬೇಕು. ಎಮ್ಮೆ ಹಿಂಡಿ, ಒಲೆ ಹೊತ್ತಿಸಿ, ಹೊಲಕ್ಕೆ ಹೋಗುವವರ ಬುತ್ತಿಗೆ ರೊಟ್ಟಿ ಬಡಿಯಬೇಕು. ನಡುವೆ ಅತ್ತಿಗೆಯ ಕೂಸು ಎದ್ದರೆ ಅದನ್ನೂ ಸೊಂಟಕ್ಕೇರಿಸಿಕೊಳ್ಳಬೇಕು. ಗೊಳಸಂಗಿಯಲ್ಲಿ ಬೆಳಕು ಹರಿಯುವ ಮೊದಲೇ ಶಂಕ್ರೆವ್ವ ಮುಗಿಸುತ್ತಿದ್ದ ಇದ್ಯಾವುದನ್ನೂ ಆ ಮನೆಯವರು ಕೆಲಸವೆಂದು ಕರೆಯುತ್ತಿರಲಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅಣ್ಣ ಕಾಳಪ್ಪನ ಮನೆ ಸೇರಿದವಳು ಅವಳು. ತಿನ್ನುವ ರೊಟ್ಟಿಗೆ ಮಾಡುತ್ತಾಳೆ, ಅಷ್ಟೇ.

ಎಪ್ಪತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಅತ್ತಿಗೆ ಶೆಟ್ಟೆವ್ವನ ಜೊತೆ ಬಾಗೇವಾಡಿಯ ಸಂಗಣ್ಣನ ಅಂಗಡಿಗೆ ಅರಿವೆ ತರಲು ಹೋಗಿದ್ದಳು. ಅಲ್ಲಿ ಆಳು ಪರಸಪ್ಪ ಧೋತರದ ಮೇಲೆಯೇ ಸೀರೆ ಸುತ್ತಿಕೊಂಡು ಗಿರಾಕಿಗಳಿಗೆ ತೋರಿಸುತ್ತಿದ್ದ. ಅವನ ಹೊಟ್ಟೆಯ ಮೇಲೆ ನಿರಿಗೆ ನಿಲ್ಲುತ್ತಿರಲಿಲ್ಲ.

“ಪರಸಪ್ಪಗ ಎಷ್ಟನೇ ತಿಂಗಳರಿ?” ಎಂದಳೊಬ್ಬಳು. ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಸಂಗಣ್ಣ ಸಿಟ್ಟಿಗೆದ್ದು ಆ ಸೀರೆಯನ್ನು ಎತ್ತರ ನಿಲುವಿನ ಶಂಕ್ರೆವ್ವನ ಕೈಗೆ ಕೊಟ್ಟ. “ತಂಗಿ, ನೀನರ ಹೆಗಲ ಮ್ಯಾಲ ಹಾಕ್ಕೊಂಡು ನಿಲ್ಲು.” ನಿಂತಳು. ನಿಂತಂತೆಯೇ ಸೀರೆ ಮಾರಾಟವಾಯಿತು.

ಮದುವೆಯ ಬಟ್ಟೆ ಖರೀದಿಗೆ ಅಲ್ಲಿ ಬಸ್ತಾ ಎನ್ನುತ್ತಾರೆ. “ಬಸ್ತಾ ಮುಗಿಯೂತನಕ ದಿನಾ ಬಾ, ಪಗಾರ ಕೊಡ್ತೇನಿ” ಎಂದ ಸಂಗಣ್ಣ, ಶೆಟ್ಟೆವ್ವನಿಂದ ಅವಳ ಸಂಗತಿ ತಿಳಿದುಕೊಂಡು, ದನಿ ತಗ್ಗಿಸಿ ಸೇರಿಸಿದ: “ಯಾರರ ಕೇಳಿದ್ರ ಗಂಡ ಸೊಲ್ಲಾಪುರದ ಮಿಲ್ಲಿನ್ಯಾಗ ಅದಾನ ಅನ್ನಬೇಕು. ಗಂಡ ಬಿಟ್ಟ ಹೆಣ್ಣಮಗಳು ಉಟ್ಟ ಸೀರಿ ಮದವಿ ಮಂದಿ ಮುಟ್ಟೂದಿಲ್ಲ. ಗೊತ್ತಾತಂದ್ರ ನನ್ನ ಅಂಗಡಿನೂ ಇಲ್ಲ, ನಿನ್ನ ಕೆಲಸಾನೂ ಇಲ್ಲ.”

“ನಿಲ್ಲೂದಕ್ಕೂ ಪಗಾರೇನ?” ಶೆಟ್ಟೆವ್ವ ಕೇಳಿದಳು. “ಹಂಗಾದ್ರ ನಮ್ಮನಿ ಕಂಬಕ್ಕೂ ಒಂದಿಷ್ಟು ಕೊಡ್ರಿ.”

ಅರ್ಧ ಪಗಾರ ಮನೆಗೆ ಎಂದ ಮೇಲೆ ಕಾಳಪ್ಪ ಒಪ್ಪಿದ. ಮುಂಜಾನೆಯ ಕೆಲಸ ಮಾತ್ರ ಒಂದೂ ಕಡಿಮೆಯಾಗಲಿಲ್ಲ.

ಸುಮ್ಮನೆ ನಿಲ್ಲುವುದು ಅವಳಿಗೆ ಬರುತ್ತಿರಲಿಲ್ಲ. ಕೈಗಳು ತಾವಾಗಿಯೇ ಸೀರೆ ಮಡಚಲು ಹೋಗುತ್ತಿದ್ದವು. ಒಡೆದ ಅಂಗೈಗೆ ರೇಷ್ಮೆಯ ಎಳೆ ಸಿಕ್ಕಿ ಸಂಗಣ್ಣನಿಂದ ಬೈಸಿಕೊಂಡು, ಹರಳೆಣ್ಣೆ ತಿಕ್ಕತೊಡಗಿದಳು. ಅಂಚು ಕಾಣುವಂತೆ ತಿರುಗುವುದನ್ನೂ, ಸೆರಗು ತಾನಾಗಿ ಇಳಿಯುವಂತೆ ಹೆಗಲು ಹಿಡಿಯುವುದನ್ನೂ ಮಾಡಿ ಮಾಡಿ ಕಲಿತಳು. ಅಂಗಡಿಯ ದೊಡ್ಡ ಕನ್ನಡಿಯಲ್ಲಿ ತನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ್ದು ಅದೇ ಮೊದಲು. ಕೇಳಿದವರಿಗೆಲ್ಲ ಸೊಲ್ಲಾಪುರ ಎನ್ನುತ್ತಿದ್ದಳು. ಕೇಳಿದವರು, “ಪುಣ್ಯವಂತ, ಚಲೋ ಇಟ್ಟಾನ” ಎನ್ನುತ್ತಿದ್ದರು. ದಿನವಿಡೀ ನಿಂತು ಮೀನಖಂಡಗಳು ಬಾತಿರುತ್ತಿದ್ದವು. ಹೆಸರು ಮಾತ್ರ ಆ ಗಂಡನಿಗೆ.

ಮುದ್ದೇಬಿಹಾಳದಿಂದ ಒಂದು ದೊಡ್ಡ ಬಸ್ತಾ ಬಂತು. ಮದುಮಗಳ ಅಜ್ಜಿ ಸಿದ್ದಲಿಂಗವ್ವ ಏನು ತೋರಿಸಿದರೂ ತಲೆ ಅಲ್ಲಾಡಿಸಿದಳು. ಶಂಕ್ರೆವ್ವ ಹಸಿರು ಸೀರೆ ಉಟ್ಟು ಬಂದಾಗ ಮುದುಕಿ ಎದ್ದು ನಿಂತಳು.

“ಇದ ಆಗಲಿ. ಬಾರವ್ವ, ಸೀರಿಗೆ ಅರಿಷಿಣ ಕುಂಕುಮ ನೀನ ಹಚ್ಚು. ಬಾಳುವಿ ಮಾಡೂ ಹೆಣ್ಣಮಗಳ ಕೈಲೆ ಆಗಬೇಕದು. ಗಂಡ ಏನ್ ಮಾಡ್ತಾನ?”

“ಸೊಲ್ಲಾಪುರದ ಮಿಲ್ಲಿನ್ಯಾಗ ಅದಾನ್ರಿ ಆಯಿ!” ಸಂಗಣ್ಣ ಗಾದಿಯಿಂದಲೇ ಕೂಗಿದ.

ತಟ್ಟೆ ಮುಂದೆ ಬಂತು. ಅವಳು ಮಾತನಾಡಬೇಕಾಗಿಯೂ ಇರಲಿಲ್ಲ, ಬೆರಳು ಅದ್ದಿದ್ದರೆ ಸಾಕಿತ್ತು. ಮದುಮಗಳು, ಇನ್ನೂ ಸಣ್ಣ ಹುಡುಗಿ, ಇವಳ ಮುಖವನ್ನೇ ನೋಡುತ್ತಿದ್ದಳು.

“ಸೊಲ್ಲಾಪುರದಾಗ ಇಲ್ರಿ ಆಯಿ,” ಎಂದಳು ಶಂಕ್ರೆವ್ವ. “ಸಿಂದಗ್ಯಾಗ ಇನ್ನೊಬ್ಬಾಕಿನ್ನ ಕಟ್ಟಿಕೊಂಡು ಅದಾನ. ನಾ ದುಡಕೊಂಡು ತಿನ್ನಾಕತ್ತೇನಿ. ಹಚ್ಚಂದ್ರ ಹಚ್ಚತೇನಿ.”

ಒಳಗೆ ಹೋಗಿ ಸೀರೆ ಕಳಚು ಎಂದು ಸಂಗಣ್ಣ ಕಣ್ಣಲ್ಲೇ ಗದರಿದ. ಶಂಕ್ರೆವ್ವ ಒಳಗೆ ಹೋಗಲಿಲ್ಲ; ಹಚ್ಚು ಎಂದೋ ಬೇಡ ಎಂದೋ ಆಯಿಯೇ ಹೇಳಲಿ ಎಂದು ಹಸಿರು ಸೀರೆಯಲ್ಲೇ ತಟ್ಟೆಯ ಮುಂದೆ ನಿಂತಳು.